ಜೂನ್ ಮೂವತ್ತು ಕಳೆಯಲಿ

ಪರ್ತ್‌ನ ಆಸ್ಪತ್ರೆಯಿಂದ ದೋಹಾದ ಮನೆಗೆ ಫೋನ್ ಬಂದದ್ದು ೧೯೯೭ರ ಫೆಬ್ರುವರಿಯ ಒಂದು ಬೆಳಿಗ್ಗೆ, ಯತಿರಾಜ್ ಆಫೀಸಿಗೆ ಹೊರಡುವ ಹೊತ್ತಿಗೆ. ಎತ್ತಿಕೊಂಡವಳು ಅವನ ಹೆಂಡತಿ ವೇದವಲ್ಲಿ. ಆ ಕಡೆಯ ನರ್ಸು ಅವಸರವಿಲ್ಲದೆ ಹೇಳಿದಳು: ನಿಮ್ಮ ಮಗಳು ಸಂಜನಾ ಇದ್ದ ಕಾರು ರಾತ್ರಿ ಹೆದ್ದಾರಿಯಲ್ಲಿ ಮಗುಚಿದೆ. ಜೀವಕ್ಕೆ ಅಪಾಯವಿಲ್ಲ. ತೊಡೆಯ ಮೂಳೆ ಮುರಿದಿದೆ, ಸೊಂಟದ ಮೂಳೆ ಬಿರುಕು ಬಿಟ್ಟಿದೆ. ಒಂದಕ್ಕಿಂತ ಹೆಚ್ಚು ಆಪರೇಷನ್ ಆಗಬೇಕು, ತಿಂಗಳುಗಟ್ಟಲೆ ಮಲಗಿರಬೇಕು. ಎಚ್ಚರವಾದಾಗಲೆಲ್ಲ ಅಮ್ಮ ಎಲ್ಲಿ ಎನ್ನುತ್ತಿದ್ದಾಳೆ. ನೀವು ಯಾವಾಗ ಬರುತ್ತೀರಿ?

"ನಾಳೆ," ಎಂದಳು ವೇದವಲ್ಲಿ.

ರಿಸೀವರ್ ಇಟ್ಟು ತಿರುಗಿದರೆ ಯತಿರಾಜ್ ಹಿಂದೆಯೇ ನಿಂತಿದ್ದ. ವಿಷಯ ಕೇಳಿ ಅವನ ಮುಖ ಬಿಳಿಚಿಕೊಂಡಿತು, ಸೋಫಾದ ಅಂಚಿನಲ್ಲಿ ಕುಸಿದು ಕೂತ. ಸ್ವಲ್ಪ ಹೊತ್ತಿಗೆ ಎದ್ದು ಆಸ್ಪತ್ರೆಗೆ ತಾನೇ ಫೋನ್ ಮಾಡಿ ಸರ್ಜನ್ನನ ಹೆಸರು ಕೇಳಿದ, ಅವನು ಎಲ್ಲಿ ಕಲಿತವನು ಎಂದು ಕೇಳಿದ, ಮೂಳೆಗೆ ಹಾಕುವ ರಾಡು ಯಾವ ಲೋಹದ್ದು ಎಂದೂ ಕೇಳಿದ. ಉತ್ತರಗಳು ಒಪ್ಪಿಗೆಯಾದ ಮೇಲೆ ಹೆಂಡತಿಯ ಕಡೆ ನೋಡಿದ.

"ನಾಳೆ ಅಂತ ಯಾಕೆ ಹೇಳ್ದೆ?"

"ಇನ್ನೇನು ಹೇಳ್ಬೇಕಿತ್ತು ರೀ?"

"ಕೂತ್ಕೋ," ಎಂದ. "ಸ್ವಲ್ಪ ಯೋಚನೆ ಮಾಡೋಣ."

ಇಬ್ಬರೂ ಮೈಸೂರಿನವರು. ಹದಿನೇಳು ವರ್ಷ ಪರ್ತ್‌ನಲ್ಲಿದ್ದು ಆಸ್ಟ್ರೇಲಿಯದ ಪ್ರಜೆಗಳಾದವರು. ದೋಹಾದ ಪೈಪ್‌ಲೈನ್ ಕಂಪನಿಯೊಂದು ಯತಿರಾಜನನ್ನು ಕರೆಸಿಕೊಂಡದ್ದು ೧೯೯೫ರಲ್ಲಿ. ಅಲ್ಲಿ ಸಂಬಳ ಗೊತ್ತುಮಾಡುತ್ತಿದ್ದದ್ದು ಕೆಲಸ ನೋಡಿಯಲ್ಲ, ಪಾಸ್‌ಪೋರ್ಟ್ ನೋಡಿ. ಪಕ್ಕದ ಮೇಜಿನ ಜೇಕಬ್ ಕೊಟ್ಟಾಯಂನವನು. ಅದೇ ನಕ್ಷೆಗಳನ್ನು ಅರ್ಧ ಸಂಬಳಕ್ಕೆ ಬರೆಯುತ್ತಿದ್ದ. ಬಂದ ಹೊಸದರಲ್ಲಿಯೇ ಯತಿರಾಜ್ ತನ್ನ ಉಳಿತಾಯವನ್ನೆಲ್ಲ ಹಾಕಿ ಇಂಡೊನೇಷ್ಯದಲ್ಲಿ ಟೋಲ್ ರಸ್ತೆ ಕಟ್ಟುತ್ತಿದ್ದ ಒಂದು ಖಾಸಗಿ ಕಂಪನಿಯಲ್ಲಿ ಪಾಲು ಕೊಂಡ. ರಸ್ತೆ ತೆರೆಯಿತು, ಲಾರಿಗಳು ಹರಿದವು, ಪಾಲಿನ ಬೆಲೆ ಮೂರು ಪಟ್ಟಾಯಿತು. ಕೊಳ್ಳಲು ಸಿಂಗಪುರದವರೊಬ್ಬರು ಮುಂದೆ ಬಂದರು.

ತೊಡಕು ಇದ್ದದ್ದು ತೆರಿಗೆಯಲ್ಲಿ. ಆಸ್ಟ್ರೇಲಿಯದ ನಿವಾಸಿ ಎನಿಸಿಕೊಂಡವನು ಭೂಮಿಯ ಯಾವ ಮೂಲೆಯಲ್ಲಿ ಲಾಭ ಮಾಡಿದರೂ ಆಸ್ಟ್ರೇಲಿಯಕ್ಕೆ ತೆರಿಗೆ ಕಟ್ಟಬೇಕು. ನಿವಾಸಿಯಲ್ಲದವನು ಹೊರದೇಶದ ಪಾಲು ಮಾರಿದರೆ ಬಿಡಿಗಾಸೂ ಕೊಡಬೇಕಿಲ್ಲ. ಪಾಸ್‌ಪೋರ್ಟಿನ ಬಣ್ಣ ಇಲ್ಲಿ ಲೆಕ್ಕಕ್ಕಿಲ್ಲ. ಈ ಮನುಷ್ಯನ ಕಾಯಂ ವಾಸ ಎಲ್ಲಿ ಎನ್ನುವುದೇ ಪ್ರಶ್ನೆ, ಮತ್ತು ಅದು ಒಂದು ಉತ್ತರಕ್ಕೆ ಮುಗಿಯುವ ಪ್ರಶ್ನೆಯಲ್ಲ. ಹೆಂಡತಿ ಎಲ್ಲಿದ್ದಾಳೆ, ಮನೆ ಯಾರ ಕೈಯಲ್ಲಿದೆ, ಸಾಮಾನು ಎಲ್ಲಿದೆ, ಹೊರಗೆ ಬಂದು ಎಷ್ಟು ಕಾಲವಾಯಿತು, ಮರಳುವ ಮನಸ್ಸಿದೆಯೇ ಎಂದು ಎಲ್ಲವನ್ನೂ ಕೂಡಿಸಿ ನೋಡುತ್ತಾರೆ. ಪರ್ತ್‌ನಲ್ಲಿ ಅವನ ತೆರಿಗೆ ನೋಡಿಕೊಳ್ಳುತ್ತಿದ್ದ ಲೊರ್ನಾ ಎಂಬಾಕೆ ಎರಡು ವರ್ಷ ತುಂಬಿದರೆ ವಾದ ಗಟ್ಟಿಯಾಗುತ್ತದೆ ಎಂದಿದ್ದಳು. ಅಲ್ಲಿನ ಲೆಕ್ಕದ ವರ್ಷ ಮುಗಿಯುವುದು ಜೂನ್ ಮೂವತ್ತಕ್ಕೆ. ಅದು ಕಳೆದ ಮೇಲೆ ಮಾರಾಟಕ್ಕೆ ಸಹಿ ಹಾಕುವುದೆಂದು ಯತಿರಾಜ್ ತೀರ್ಮಾನಿಸಿದ್ದ.

ಆ ತೀರ್ಮಾನಕ್ಕಾಗಿ ಪರ್ತ್‌ನಲ್ಲಿದ್ದ ಅವರ ಬದುಕನ್ನು ಸ್ಲೇಟು ಒರೆಸುವಂತೆ ಒರೆಸಿದ್ದರು. ಮನೆಯನ್ನು ದೀರ್ಘ ಬಾಡಿಗೆಗೆ ಅಪರಿಚಿತರಿಗೆ ಕೊಟ್ಟರು. ಸಾಮಾನನ್ನು ಗೋದಾಮಿನಲ್ಲಿ ಇಟ್ಟರೆ ಮರಳುವ ಮನಸ್ಸಿದೆ ಎಂದಾಗುತ್ತದೆ. ಹಾಗಾಗಿ ಮಂಚಗಳನ್ನೂ ಸಂಜನಾಳ ಪಿಯಾನೊವನ್ನೂ ಮಾರಿದರು. ಮತದಾರರ ಪಟ್ಟಿಯಿಂದ ಹೆಸರು ತೆಗೆಸಿದರು, ಬ್ಯಾಂಕ್ ಖಾತೆ ಮುಚ್ಚಿದರು, ಸರ್ಕಾರದ ಆರೋಗ್ಯ ಕಾರ್ಡನ್ನು ಲಕೋಟೆಯಲ್ಲಿ ಹಾಕಿ ಹಿಂದಕ್ಕೆ ಕಳಿಸಿದರು. ವೇದವಲ್ಲಿ ಒಂದು ಶಾಲೆಯ ವಿಜ್ಞಾನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದಳು. ಒಂದು ವರ್ಷದ ರಜೆ ಕೇಳುತ್ತೇನೆಂದರೆ ಬೇಡ, ರಾಜೀನಾಮೆಯೇ ಕೊಡು ಎಂದ. ಸಂಜನಾ ಓದು ಮುಗಿಸಲೆಂದು ಹಾಸ್ಟೆಲಿಗೆ ಹೋದಳು. ದೋಹಾದಲ್ಲಿ ಅಬು ಹಮೂರ್ ಬಡಾವಣೆಯ ಒಂದು ವಿಲ್ಲಾ ಹಿಡಿದು, ಎತ್ತಲು ನಾಲ್ಕು ಆಳು ಬೇಕಾಗುವಂಥ ಸೋಫಾ ಕೊಂಡರು. ಅಂಗಳದ ಮರಳಿನಲ್ಲಿ ನುಗ್ಗೆ ಗಿಡ ನೆಟ್ಟು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಆ ಫೋಟೋವನ್ನು ಯತಿರಾಜ್ ಲೊರ್ನಾಳಿಗೆ ಕಳಿಸಿದ.

ಈಗ ಅವನು ಹೇಳಿದ್ದು ಇಷ್ಟು: "ನೋಡು ವೇದಾ. ಅಲ್ಲಿ ಡಾಕ್ಟರು ಒಳ್ಳೆಯೋರು, ನರ್ಸುಗಳು ನಿನಗಿಂತ ಚೆನ್ನಾಗಿ ನೋಡ್ಕೋತಾರೆ. ನೀನು ಹೋದ್ರೆ ಒಂದು ವಾರಕ್ಕೆ ವಾಪಸ್ ಬರ್ತೀಯಾ? ಬರಲ್ಲ. ತಿಂಗಳುಗಟ್ಟಲೆ ಇರ್ತೀಯ, ಮನೆ ಹಿಡೀತೀಯ. ಹೆಂಡ್ತಿ ಪರ್ತ್‌ನಲ್ಲಿ, ಮಗಳು ಪರ್ತ್‌ನಲ್ಲಿ. ಆಮೇಲೆ ನಾನು ದೋಹಾದವನು ಅಂದ್ರೆ ಟ್ಯಾಕ್ಸ್‌ನೋರು ನಗ್ತಾರೆ."

"ಹತ್ತು ದಿನ ಇದ್ದು ಬರ್ತೀನಿ."

"ಸೇತುವೆ ಹತ್ತು ಲಾರಿ ತಡ್ಕೊಂಡ್ರೆ ಸಾಕು ಅಂತ ಹತ್ತಕ್ಕೇ ಕಟ್ಟಲ್ಲ ಕಣೇ. ಇಪ್ಪತ್ತಕ್ಕೆ ಕಟ್ತೀವಿ. ಸ್ವಲ್ಪ ತಾಳು. ಜೂನ್ ಮೂವತ್ತು ಕಳೀಲಿ."

"ಅವಳು ಅಮ್ಮ ಎಲ್ಲಿ ಅಂತಿದಾಳಂತೆ ರೀ."

"ಯಾರಿಗೆ ಮಾಡ್ತಿರೋದು ಇದೆಲ್ಲ? ಅವಳಿಗೇ ತಾನೇ?" ಎಂದು ಟೈ ಸರಿಮಾಡಿಕೊಂಡು ಹೊರಟ.

ವೇದವಲ್ಲಿ ಬಾಗಿಲು ಹಾಕಿ ಒಳಗೆ ಬಂದಳು. ಅವಳು ರಸಾಯನಶಾಸ್ತ್ರದ ಬಿ.ಎಸ್ಸಿ. ಗಂಡ ಹೇಳುವ ಪ್ರತಿ ವಾಕ್ಯವೂ ಹಿಂದಿನ ವಾಕ್ಯದಿಂದ ಸರಿಯಾಗಿಯೇ ಹೊರಡುತ್ತಿತ್ತು. ಎಲ್ಲೋ ಒಂದು ಕಡೆ ತಪ್ಪಿದೆ ಎನ್ನುವುದು ಗೊತ್ತಾಗುತ್ತಿತ್ತು, ಎಲ್ಲಿ ಎನ್ನುವುದನ್ನು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ.

ಶುಕ್ರವಾರ ರಜೆ. ಶುಕ್ರವಾರಗಳಂದು ಪರ್ತ್‌ಗೆ ಫೋನ್ ಮಾಡುತ್ತಿದ್ದರು. ಯತಿರಾಜ್ ಮಹಡಿಯ ಫೋನಿನಲ್ಲಿ, ವೇದವಲ್ಲಿ ಕೆಳಗಿನದರಲ್ಲಿ. ಸಂಜನಾಳ ಕನ್ನಡ ಮೊದಲೇ ಅಷ್ಟಕ್ಕಷ್ಟೆ. ನೋವಿನಲ್ಲಿ ಅದು ಇನ್ನೂ ಸಣ್ಣದಾಗಿತ್ತು.

"ಅಮ್ಮ, ಯಾವಾಗ ಬರ್ತೀಯ? ಟುಮಾರೋ ಅಂದ್ಯಂತೆ."

"ಬರ್ತೀನಿ ಕಂದಾ. ಸ್ವಲ್ಪ..."

"ನಂಗೆ ಇಲ್ಲಿ ಬೆಡ್‌ಪ್ಯಾನ್ ಎಲ್ಲ ಅವ್ರೇ... ಒಬ್ಬ ಮೇಲ್ ನರ್ಸ್ ಇದಾನೆ ಅಮ್ಮ. ನೀನ್ ಇದ್ರೆ ನೀನೇ ಮಾಡ್ತಿದ್ದೆ ಅಲ್ವಾ?"

ಮಹಡಿಯಿಂದ ಯತಿರಾಜನ ದನಿ ನಡುವೆ ಬಂತು: "ಬ್ರೇವ್ ಗರ್ಲ್ ಅಲ್ವಾ ನೀನು! ಫಿಸಿಯೋಥೆರಪಿ ಶುರು ಆಯ್ತಾ?"

ಮಾರ್ಚಿನಲ್ಲಿ ಅವನೊಂದು ಟೈಪ್ ಮಾಡಿದ ಹೇಳಿಕೆ ತಂದ. ನಾನು, ವೇದವಲ್ಲಿ, ದೋಹಾವನ್ನೇ ನನ್ನ ಕಾಯಂ ಮನೆಯೆಂದು ಭಾವಿಸುತ್ತೇನೆ, ಆಸ್ಟ್ರೇಲಿಯಕ್ಕೆ ಮರಳಿ ಅಲ್ಲಿ ವಾಸಿಸುವ ಉದ್ದೇಶ ನನಗಿಲ್ಲ, ಎಂದಿತ್ತು. ಇದಕ್ಕೆ ಸಹಿ ಹಾಕಿದರೆ ವಾದ ಭದ್ರವಾಗುತ್ತದೆ, ಈಸ್ಟರ್ ಹೊತ್ತಿಗೆ ನಿನ್ನನ್ನು ಕಳಿಸಬಹುದು ಎಂದ. ಅವಳು ಓದಿದಳು. ಒಂದೊಂದು ಮಾತೂ ಸುಳ್ಳು. ಈಸ್ಟರ್ ಎಂದು ಮನಸ್ಸಿನಲ್ಲಿ ಅಂದುಕೊಂಡು ಸಹಿ ಹಾಕಿದಳು. ಈಸ್ಟರ್ ಬಂತು. ಹೇಳಿಕೆ ಕೊಟ್ಟ ಬೆನ್ನಿಗೇ ಹೇಳಿಕೆ ಕೊಟ್ಟವಳು ಪರ್ತ್‌ನಲ್ಲಿ ಕಾಣಿಸಿಕೊಂಡರೆ ಆ ಕಾಗದಕ್ಕೆ ಏನು ಬೆಲೆ ಎಂದು ಯತಿರಾಜ್ ಕೇಳಿದ. ಅದೂ ತರ್ಕಬದ್ಧವಾಗಿಯೇ ಇತ್ತು.

ಮೇ ತಿಂಗಳಲ್ಲಿ ಸಂಜನಾಳಿಗೆ ಎರಡನೆಯ ಆಪರೇಷನ್. ಹಾಕಿದ ರಾಡಿನ ಸುತ್ತ ಸೋಂಕು ಹತ್ತಿ ಅದನ್ನು ತೆಗೆದು ಬೇರೆ ಹಾಕಬೇಕಾಗಿತ್ತು. ಅಂದು ವೇದವಲ್ಲಿ ಗಂಡನಿಗೆ ಹೇಳದೆ ಟ್ಯಾಕ್ಸಿ ಹಿಡಿದು ಇಂಡಸ್ಟ್ರಿಯಲ್ ಏರಿಯಾದಲ್ಲಿದ್ದ ಕಂಪನಿಯ ಆಫೀಸಿಗೆ ಹೋದಳು. ನೌಕರರ ಪಾಸ್‌ಪೋರ್ಟ್‌ಗಳೂ ಅವರ ಮನೆಯವರ ಪಾಸ್‌ಪೋರ್ಟ್‌ಗಳೂ ಅಲ್ಲಿಯ ಕಬ್ಬಿಣದ ಕಪಾಟಿನಲ್ಲಿ ಇರುತ್ತಿದ್ದವು. ಅದರ ಬೀಗದ ಕೈ ಇದ್ದದ್ದು ಉಳ್ಳಾಲದ ಕಬೀರನ ಬಳಿ. ವೀಸಾ, ಇಖಾಮಾ ಎಂಬ ವಾಸದ ಪರವಾನಗಿ ಮುಂತಾದ ಸರ್ಕಾರಿ ಕೆಲಸಗಳಿಗೆ ಓಡಾಡುತ್ತಿದ್ದವನು ಅವನೇ. ಹೊರಗೆ ಬಿಸಿಗಾಳಿಗೆ ಧೂಳೆದ್ದು ಬಸ್ಸಿಗೆ ಕಾಯುತ್ತಿದ್ದ ಕೆಲಸಗಾರರು ತಲೆವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರು.

"ಅಕ್ಕ, ನೀವು ಇಲ್ಲಿಗೆ? ಸಾರ್ ಸೈಟಿಗೆ ಹೋಗಿದ್ದಾರೆ," ಎಂದು ಕಬೀರ್ ಕುರ್ಚಿ ಒರೆಸಿದ.

"ನನ್ನ ಪಾಸ್‌ಪೋರ್ಟ್ ಬೇಕಿತ್ತು ಕಬೀರ್."

"ಅದಕ್ಕೆಂತ, ಕೊಡುವ. ಸಾರ್ ಒಂದು ಕಾಗದ ಬರೆದುಕೊಟ್ಟರೆ ಐದು ನಿಮಿಷದ ಕೆಲಸ."

"ಅವರು ಬರ್ದು ಕೊಡಲ್ಲ."

ಕಬೀರ್ ಅವಳ ಮುಖ ನೋಡಿದ. ಮಗಳ ಸುದ್ದಿ ಅವನಿಗೂ ಗೊತ್ತಿತ್ತು. ಕಪಾಟಿನ ಕಡೆಯೂ ಒಮ್ಮೆ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, "ಕಾಗದ ಇಲ್ಲದೆ ಕೊಟ್ಟರೆ ನಾನು ಖಲಾಸ್ ಅಕ್ಕ. ಮನೆಯಲ್ಲಿ ಹೆಂಡತಿ ಸಫೂರಾ, ಮೂರು ಮಕ್ಕಳು. ಇಕೊಳ್ಳಿ, ಚಾ ಕುಡಿಯಿರಿ," ಎಂದ. ಚಾ ಕುಡಿದು ಅವಳು ಹಿಂದಿರುಗಿದಳು. ಸಂಜೆ ಯತಿರಾಜ್ ಬಂದವನೇ, "ನನ್ನ ಆಫೀಸಲ್ಲಿ ನನ್ನ ಮರ್ಯಾದೆ ತೆಗೆದೆ," ಎಂದ. ಹೇಳಿದ್ದು ಕಬೀರನೋ ಇನ್ನಾರೋ, ಅವಳು ಕೇಳಲಿಲ್ಲ. ಆ ವಾರದ ಫೋನ್ ರದ್ದಾಯಿತು. ಆಪರೇಷನ್ ಹೇಗಾಯಿತೆಂದು ತಿಳಿಯಲು ಅವಳು ಮುಂದಿನ ಶುಕ್ರವಾರದವರೆಗೆ ಕಾಯಬೇಕಾಯಿತು.

ಆ ಶುಕ್ರವಾರ ಸಂಜನಾ ಯಾವಾಗ ಬರುತ್ತೀಯೆಂದು ಕೇಳಲಿಲ್ಲ. ಅದರ ನಂತರದ ಶುಕ್ರವಾರಗಳಲ್ಲೂ ಕೇಳಲಿಲ್ಲ. ಕೇಳಿದ್ದಕ್ಕೆಲ್ಲ "ಫೈನ್" ಎನ್ನುತ್ತಿದ್ದಳು. ವೇದವಲ್ಲಿ ಆ ಪದದ ಹಿಂದೆ ಏನಾದರೂ ಸದ್ದು ಕೇಳೀತೇ ಎಂದು ರಿಸೀವರನ್ನು ಕಿವಿಗೆ ಒತ್ತಿ ಹಿಡಿಯುತ್ತಿದ್ದಳು. ಆಸ್ಪತ್ರೆಯ ಟ್ರಾಲಿಗಳ ಚಕ್ರದ ಸದ್ದು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಜೂನ್ ಮೂವತ್ತು ಕಳೆಯಿತು. ಸಂಜನಾ ಅಷ್ಟರಲ್ಲಿ ಊರುಗೋಲು ಹಿಡಿದು ಆಸ್ಪತ್ರೆ ಬಿಟ್ಟು ಗೆಳತಿಯೊಬ್ಬಳ ತಾಯಿಯ ಮನೆ ಸೇರಿದ್ದಳು. ಜುಲೈ ಒಂದರಂದು ವೇದವಲ್ಲಿ ಅಟ್ಟದಿಂದ ಸೂಟ್‌ಕೇಸ್ ಇಳಿಸಿದಳು. ಯತಿರಾಜ್ ಅದನ್ನು ನೋಡಿ, ಸಿಂಗಪುರದವರು ಇನ್ನೂ ಸಹಿ ಹಾಕಿಲ್ಲ, ಸಹಿಯ ದಿನ ನಾವಿಬ್ಬರೂ ಇಲ್ಲಿರಬೇಕು, ಆಗಸ್ಟ್ ನಡುವಿನ ಹೊತ್ತಿಗೆ ಎಲ್ಲ ಮುಗಿಯುತ್ತದೆ ಎಂದ. ಅವಳು ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿದಳು.

ಆಗಸ್ಟ್ ನಡುವಿನಲ್ಲಿ ಇಂಡೊನೇಷ್ಯದ ಸರ್ಕಾರ ತನ್ನ ನಾಣ್ಯದ ಬೆಲೆಯನ್ನು ಹಿಡಿದು ನಿಲ್ಲಿಸುವುದನ್ನು ಕೈಬಿಟ್ಟಿತು. ಆಗಲೇ ಥಾಯ್ಲೆಂಡಿನದು ಬಿದ್ದಿತ್ತು. ಇದು ಅದಕ್ಕಿಂತ ಕಡಿದಾಗಿ ಬಿತ್ತು. ಸಿಂಗಪುರದವರು ಒಂದು ವಾರ ಕಾಲಾವಕಾಶ ಕೇಳಿದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ರಸ್ತೆ ಕಟ್ಟಲು ಡಾಲರಿನಲ್ಲಿ ಸಾಲ ತಂದಿದ್ದರು, ಟೋಲ್ ಬರುತ್ತಿದ್ದದ್ದು ಅಲ್ಲಿನ ನಾಣ್ಯವಾದ ರುಪಿಯಾದಲ್ಲಿ. ಪೈಪಿನೊಳಗಿನ ಒತ್ತಡವನ್ನು ಬಿಂದು ಬಿಂದುವಿಗೂ ಲೆಕ್ಕ ಹಾಕುವ ಯತಿರಾಜ್ ಅಷ್ಟು ಸರಳವಾದ ಸಂಗತಿಯನ್ನು ಕಂಡಿರಲಿಲ್ಲ. ರೇಡಿಯೋದ ಮುಂದೆ ಕೂತು ಉಗುರು ಕಚ್ಚುತ್ತಿದ್ದ. ಹೊಸ ವರ್ಷದ ಜನವರಿಯಲ್ಲಿ ಪಾಲನ್ನು ಹಾಕಿದ ಹಣದ ಐದರಲ್ಲೊಂದು ಭಾಗಕ್ಕೆ ಯಾರಿಗೋ ಕೊಟ್ಟು ಕೈತೊಳೆದುಕೊಂಡ.

ಇಷ್ಟರಲ್ಲಿ ವೇದವಲ್ಲಿ ಪರ್ತ್‌ನ ಮಾತೆತ್ತುವುದನ್ನು ನಿಲ್ಲಿಸಿದ್ದಳು. ಎತ್ತಿದವನು ಅವನೇ. ಒಂದು ಶುಕ್ರವಾರ ತಿಂಡಿಯ ಹೊತ್ತಿಗೆ ಬಹಳ ದಿನದಿಂದ ಕೇಳಿರದ ಮೃದು ದನಿಯಲ್ಲಿ, "ವೇದಾ, ನೀನು ಹೋಗಿ ಸಂಜನಾ ಜೊತೆ ಇದ್ಬಿಡು," ಎಂದ.

ಅವಳ ಕೈಯಲ್ಲಿದ್ದ ದೋಸೆಯ ಸಟ್ಟುಗ ಅಲ್ಲೇ ನಿಂತಿತು. "ಏನಂದ್ರಿ?"

"ಕಬೀರನಿಗೆ ಹೇಳಿದೀನಿ, ಪಾಸ್‌ಪೋರ್ಟ್ ತಂದ್ಕೊಡ್ತಾನೆ. ಬಾಡಿಗೆಯೋರನ್ನ ಬಿಡಿಸ್ತೀನಿ. ನಮ್ಮ ಮನೇಲೇ ಇರಿ ಇಬ್ಬರೂ."

ಒಂದು ಕ್ಷಣ ಅವಳಿಗೆ ಅವನ ಮೇಲೆ ಇದ್ದ ಮುನಿಸೆಲ್ಲ ಕರಗಿತು. ದುಃಖ ಮನುಷ್ಯನನ್ನು ತಿದ್ದುತ್ತದೆ ಎಂದುಕೊಂಡಳು. ಒಲೆ ಆರಿಸಿ ಎದುರಿಗೆ ಬಂದು ಕೂತಳು. ಅವನು ಮುಂದುವರಿಸಿದ.

ಪರ್ತ್‌ನ ಹೊರವಲಯದಲ್ಲಿ ಅವರದೊಂದು ಖಾಲಿ ಸೈಟಿತ್ತು. ಅದನ್ನು ಈಗ ಮಾರುತ್ತಿದ್ದಾನೆ, ಒಳ್ಳೆಯ ಲಾಭವಿದೆ. ನೆಲ ಆಸ್ಟ್ರೇಲಿಯದ್ದಾದ್ದರಿಂದ ಆ ಲಾಭಕ್ಕೆ ಹೇಗೂ ತೆರಿಗೆ ಬೀಳುತ್ತದೆ. ಟೋಲ್ ರಸ್ತೆಯ ನಷ್ಟವನ್ನು ಆ ಲಾಭದಿಂದ ಕಳೆದು ತೆರಿಗೆ ಉಳಿಸಬಹುದು, ಆದರೆ ನಿವಾಸಿಯಾಗಿದ್ದವನು ಮಾತ್ರ. ನಿವಾಸಿಯಲ್ಲದವನ ಹೊರದೇಶದ ಲಾಭ ಹೇಗೆ ಲೆಕ್ಕಕ್ಕಿಲ್ಲವೋ ಅವನ ನಷ್ಟವೂ ಹಾಗೆಯೇ ಲೆಕ್ಕಕ್ಕಿಲ್ಲ. ದೋಹಾದ ಸಂಬಳದ ಭಯವಿಲ್ಲ, ಅದಕ್ಕೆ ಬೇರೆ ವಿನಾಯಿತಿ ಇದೆ. ಆದ್ದರಿಂದ ತಾವು ಎಂದೂ ಪರ್ತ್‌ ಬಿಟ್ಟಿರಲೇ ಇಲ್ಲ, ಮನಸ್ಸು ಯಾವಾಗಲೂ ಅಲ್ಲೇ ಇತ್ತು ಎಂದು ತೋರಿಸಬೇಕು.

"ಲೊರ್ನಾ ನಿನ್ನ ಹತ್ರ ಮಾತಾಡ್ಬೇಕಂತೆ. ಮಾರ್ಚ್‌ನಲ್ಲಿ ಕೊಟ್ಟಿದ್ದು ಒತ್ತಡದಲ್ಲಿ ಬರ್ದಿದ್ದು, ನನ್ನ ಮನೆ ಪರ್ತೇ ಅಂತ ಹೇಳ್ಬಿಡು. ನಿಜಾನೇ ಅಲ್ವೇನೇ ಅದು? ನೀನು ಎಷ್ಟು ಅತ್ತಿದೀಯ ಹೋಗ್ತೀನಿ ಅಂತ! ಅದನ್ನೆಲ್ಲ ಹೇಳು."

ವೇದವಲ್ಲಿ ಎದ್ದು ಹೋಗಿ ಮಗಳಿಗೆ ಫೋನ್ ಮಾಡಿದಳು. ಅಂದು ಮಹಡಿಯ ಫೋನನ್ನು ಯಾರೂ ಎತ್ತಲಿಲ್ಲ. ಯತಿರಾಜ್ ತಿಂಡಿ ತಿನ್ನುತ್ತ ಕೂತಿದ್ದ.

"ಸಂಜು, ನಾನು ಬರ್ತಿದೀನಿ ಕಂದಾ."

"ಗೊತ್ತು. ಅಪ್ಪ ಫೋನ್ ಮಾಡಿದ್ರು." ದನಿಯಲ್ಲಿ ಕೋಪವಿರಲಿಲ್ಲ. "ಮನೆಗೆ ಶಿಫ್ಟ್ ಆಗು, ನಿನ್ನ ಬಟ್ಟೆ ಎಲ್ಲ ಕಬೋರ್ಡ್‌ನಲ್ಲಿ ಇಡು, ಅಮ್ಮ ಬರ್ತಾಳೆ ಅಂದ್ರು. ಟ್ಯಾಕ್ಸ್‌ಗೆ ಒಳ್ಳೇದಂತೆ."

"ನಾನು ಅದಕ್ಕೆ ಬರ್ತಿಲ್ಲ..."

"ಅಮ್ಮ, ನಾನು ವಾಕ್ ಮಾಡ್ತೀನಿ ಈಗ. ಒಂದ್ ಸೈಡ್ ಸ್ವಲ್ಪ ಶಾರ್ಟು, ಶೂಗೆ ಹೀಲ್ ಹಾಕಿದಾರೆ. ಇಲ್ಲಿ ಆಂಟಿ ನಂಗೆ ಸ್ನಾನ ಮಾಡ್ಸೋರು, ಈಗ ನಾನೇ ಮಾಡ್ತೀನಿ. ನೀನು ಬಂದ್ರೆ ನಾನು ಅವರನ್ನ ಬಿಟ್ಟು ಬರ್ಬೇಕು. ಬೇಡ."

"ಸುಮ್ನೆ ನೋಡ್ಕೊಂಡು ಬರ್ತೀನಿ."

"ಆಗ ಬೇಕಿತ್ತು ಅಮ್ಮ. ಈಗ ಬರ್ಬೇಡ." ಆಮೇಲೆ, "ಸಾರಿ," ಎಂದಳು. ಬಸ್ಸಿನಲ್ಲಿ ಕಾಲು ತುಳಿದಾಗ ಅಪರಿಚಿತರಿಗೆ ಹೇಳುವಂತೆ ಇತ್ತು ಅದು.

ಲೊರ್ನಾಳ ಫೋನ್ ಬಂದದ್ದು ಸೋಮವಾರ ಬೆಳಿಗ್ಗೆ. ಯತಿರಾಜ್ ಅದಕ್ಕಾಗಿಯೇ ಆಫೀಸಿಗೆ ತಡವಾಗಿ ಹೋಗುವವನಾಗಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಲೊರ್ನಾ ಒಳ್ಳೆಯ ಹೆಂಗಸು. ಮೊದಲು ಸಂಜನಾಳನ್ನು ವಿಚಾರಿಸಿದಳು.

"ಆಗ ನಿಮಗೆ ಬರಲು ಆಗಲಿಲ್ಲವೆಂದು ನನಗೆ ಬಹಳ ಬೇಸರವಾಗಿತ್ತು," ಎಂದಳು ಇಂಗ್ಲಿಷಿನಲ್ಲಿ. "ಧಾರಾಳವಾಗಿ ಕಳಿಸಿ ಎಂದು ನಾನು ಅಪಘಾತದ ವಾರವೇ ನಿಮ್ಮ ಗಂಡನಿಗೆ ಹೇಳಿದ್ದೆ. ಆಸ್ಪತ್ರೆಯಲ್ಲಿರುವ ಮಗಳನ್ನು ತಾಯಿ ಬಂದು ನೋಡಿದರೆ ಅವಳ ವಾಸ ಬದಲಾಗುವುದಿಲ್ಲ. ಎರಡು ಮೂರು ತಿಂಗಳಿದ್ದರೂ ಏನೂ ಆಗುತ್ತಿರಲಿಲ್ಲ. ನಿಮಗೆ ವಿಮಾನವೆಂದರೆ ಭಯವಂತೆ, ಹೌದೇ?"

ವೇದವಲ್ಲಿ ಗಂಡನ ಕಡೆ ನೋಡಿದಳು. ಆ ಕಡೆಯ ಮಾತು ಅವನಿಗೆ ಕೇಳಿಸುತ್ತಿರಲಿಲ್ಲ. ಹೇಳು, ಹೇಳು ಎಂದು ಕೈಸನ್ನೆ ಮಾಡುತ್ತಿದ್ದ. ಒಂದು ವರ್ಷದಿಂದ ಅವಳು ಹುಡುಕುತ್ತಿದ್ದ ತಪ್ಪು ಇಷ್ಟೇ ಆಗಿತ್ತು: ಲೆಕ್ಕದ ಮೊದಲ ಸಾಲನ್ನೇ ಅವನು ತನ್ನ ಕೈಯಿಂದ ಬರೆದುಕೊಂಡಿದ್ದ. ಕಾನೂನು ಅವಳನ್ನು ತಡೆದಿರಲೇ ಇಲ್ಲ.

"ಮಿಸೆಸ್ ಯತಿರಾಜ್, ಕೇಳಿಸುತ್ತಿದೆಯೇ? ನಿಮ್ಮ ಮಾರ್ಚಿನ ಹೇಳಿಕೆ ನನ್ನ ಮುಂದಿದೆ. ಅದು ಸರಿಯಲ್ಲವೆಂದು ಅವರು ಹೇಳುತ್ತಾರೆ. ಅವರ ಮಾತು ನನಗೆ ಸಾಲದು, ನಿಮ್ಮ ಬಾಯಿಂದಲೇ ಕೇಳಬೇಕು. ನಿಮ್ಮ ಮನೆ ಯಾವುದು?"

"ದೋಹಾ," ಎಂದಳು ವೇದವಲ್ಲಿ. "ನಾನು ಬರೆದುಕೊಟ್ಟದ್ದು ನಿಜ. ಯಾರೂ ಒತ್ತಾಯ ಮಾಡಲಿಲ್ಲ. ಪರ್ತ್‌ಗೆ ಬರುವ ಉದ್ದೇಶ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಬೇಕಾದರೆ ಇನ್ನೊಮ್ಮೆ ಬರೆದುಕೊಡುತ್ತೇನೆ. ಹೌದು, ವಿಮಾನವೆಂದರೆ ಭಯ."

ಯತಿರಾಜ್ ಎದ್ದು ರಿಸೀವರಿಗೆ ಕೈ ಹಾಕುವಷ್ಟರಲ್ಲಿ ಅವಳು ಅದನ್ನು ಇಟ್ಟಾಗಿತ್ತು.

ಅವನು ಕೂಗಾಡಲಿಲ್ಲ, ಕೂಗಾಡುವವನಲ್ಲ. ಕಬೀರ್ ಹಿಂದಿನ ದಿನ ತಂದುಕೊಟ್ಟಿದ್ದ ಅವಳ ಪಾಸ್‌ಪೋರ್ಟ್ ಮೇಜಿನ ಮೇಲಿತ್ತು. ಅದನ್ನು ಎತ್ತಿ ತನ್ನ ಬ್ರೀಫ್‌ಕೇಸಿಗೆ ಹಾಕಿಕೊಂಡು ಚಿಲಕ ಒತ್ತಿದ.

"ಇನ್ನು ನೀನು ಕಾಲಿಗೆ ಬಿದ್ರೂ ಕಳ್ಸಲ್ಲ," ಎಂದ.

"ಕಳಿಸ್ಬೇಡಿ. ಅವಳೇ ಬರ್ಬೇಡ ಅಂದಿದಾಳೆ."

"ನಿನ್ನ ಮಗಳು ಅಲ್ಲಿ ಕುಂಟ್ಕೊಂಡು ಓಡಾಡ್ತಿದಾಳೆ. ಇಷ್ಟು ಕಲ್ಲಾಗ್ಬಾರದು ತಾಯಿ ಮನಸ್ಸು."

ವೇದವಲ್ಲಿ ಅವನ ಮುಖವನ್ನು ನಿಧಾನವಾಗಿ ನೋಡಿದಳು. "ಯಾವ ಕಾಲು ರೀ?"

"ಏನು?"

"ಯಾವ ಕಾಲು ಕುಂಟು? ಎಡಗಾಲೋ, ಬಲಗಾಲೋ?"

ಯತಿರಾಜ್ ಬಾಯಿ ತೆರೆದ. ಸರ್ಜನ್ನನ ಹೆಸರು ಅವನಿಗೆ ನೆನಪಿತ್ತು, ರಾಡಿನ ಲೋಹ ನೆನಪಿತ್ತು. "ಬಲಗಾಲು," ಎಂದ. ಅವಳ ಮುಖ ಬದಲಾಗಲಿಲ್ಲ. "ಎಡ," ಎಂದ. ಆಗಲೂ ಬದಲಾಗಲಿಲ್ಲ. ಸರಿಯಾದದ್ದು ಯಾವುದೆಂದು ಹೇಳದೆ ಅವಳು ಅಡುಗೆಮನೆಗೆ ಹೋಗಿ ಮಧ್ಯಾಹ್ನಕ್ಕೆ ಅಕ್ಕಿ ತೊಳೆಯತೊಡಗಿದಳು.